ರೇಡಿಯೊ ಗೆಲಾಕ್ಸಿ: ಜೀವನಚಕ್ರ ಮತ್ತು ನಂದುವ ಜೆಟ್‌ಗಳು

ರೇಡಿಯೊ ಗೆಲಾಕ್ಸಿ: ಸಾಮಾನ್ಯ ಗೆಲಾಕ್ಸಿಗಳಿಗಿಂತ ನೂರಾರು ಪಟ್ಟಿನಿಂದ ಹಿಡಿದು ಹತ್ತಾರು ಲಕ್ಷ ಪಟ್ಟಿನವರೆಗೆ ಹೆಚ್ಚು ರೇಡಿಯೊ ಅಲೆಗಳನ್ನು ಹೊಮ್ಮಿಸುವ ಗೆಲಾಕ್ಸಿ. ಇದರ ನಡುವಿನಲ್ಲಿರುವ ಬೃಹತ್ ಕಪ್ಪುಕುಳಿಯ ನೆರೆಯಿಂದ ಎರಡು ಎದುರುಬದುರು ದಿಕ್ಕುಗಳಿಗೆ ಪ್ಲಾಸ್ಮಾದ ಧಾರೆಗಳು ಚಿಮ್ಮುತ್ತವೆ. ಇವೇ ಜೆಟ್‌ಗಳು. ಗೆಲಾಕ್ಸಿಯ ಮೇರೆ ದಾಟಿ ಹರಿದ ಜೆಟ್‌ಗಳು ಸುತ್ತಲಿನ ತೆಳು ಅನಿಲವನ್ನು ನೂಕಿಕೊಂಡು ಎರಡು ದೊಡ್ಡ ಹಾಲೆಗಳನ್ನು ಊದಿಸುತ್ತವೆ. ರೇಡಿಯೊ ನಕ್ಷೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಈ ಹಾಲೆಗಳೇ. ಅವುಗಳ ನಡುವೆ ಗೆಲಾಕ್ಸಿ ಒಂದು ಚುಕ್ಕೆಯಂತೆ ಕೂತಿರುತ್ತದೆ.

ಜೆಟ್‌ಗಳು ಸದಾ ಹರಿಯುವುದಿಲ್ಲ. ಕೆಲವು ಕೋಟಿ ವರ್ಷ ಹರಿದು ನಿಲ್ಲುತ್ತವೆ, ಹಾಲೆಗಳು ನಿಧಾನವಾಗಿ ಮಂಕಾಗುತ್ತವೆ, ಮತ್ತೆ ಎಷ್ಟೋ ಕಾಲದ ಮೇಲೆ ಅದೇ ಕೇಂದ್ರದಿಂದ ಹೊಸ ಜೆಟ್ ಹೊರಡುವುದೂ ಉಂಟು. ಹುಟ್ಟು, ಬೆಳವಣಿಗೆ, ನಂದುವಿಕೆ, ಮರುಹೊತ್ತುವಿಕೆ ಎಂಬ ಈ ಸುತ್ತನ್ನು ರೇಡಿಯೊ ಗೆಲಾಕ್ಸಿಯ ಜೀವನಚಕ್ರ ಎನ್ನುತ್ತಾರೆ. ಇದರಲ್ಲಿ ಕಣ್ಣಿಗೆ ಬೀಳುವುದು ಕಷ್ಟವಾದ ಹಂತ ನಂದುವಿಕೆ. ಮಂಕಾದ ಹಾಲೆಗಳು ಕಡಿಮೆ ಆವೃತ್ತಿಯ ರೇಡಿಯೊ ಅಲೆಗಳಲ್ಲಿ ಮಾತ್ರ ಉಳಿದಿರುತ್ತವೆ. ಅವುಗಳನ್ನು ಹಿಡಿಯುವ ದೂರದರ್ಶಕಗಳ ಇತಿಹಾಸದಲ್ಲಿ ಗೌರಿಬಿದನೂರು, ಊಟಿ, ಬೆಂಗಳೂರುಗಳ ಹೆಸರು ಸೇರಿದೆ.

ಕೊಳ್ಳೇಗಾಲದ ನೆತ್ತಿಯ ಮೇಲೆ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರುಗಳು ಉತ್ತರ ಅಕ್ಷಾಂಶ 12 ಡಿಗ್ರಿಯನ್ನು ಸ್ವಲ್ಪವೇ ದಾಟಿದ ಊರುಗಳು. ಕನ್ಯಾರಾಶಿಯಲ್ಲಿರುವ ಎಂ87 ಎಂಬ ಗೆಲಾಕ್ಸಿ ಆಕಾಶದ ಸಮಭಾಜಕಕ್ಕೆ 12 ಡಿಗ್ರಿ 15 ಮಿನಿಟ್‌ನಷ್ಟು ಉತ್ತರಕ್ಕಿದೆ. ಹೀಗಾಗಿ ಅದು ದಿನಕ್ಕೊಮ್ಮೆ ಈ ಮೂರೂ ಊರುಗಳ ನೆತ್ತಿಯ ಪಕ್ಕದಲ್ಲೇ, ಚಂದ್ರಬಿಂಬದ ಅಗಲಕ್ಕಿಂತ ಕಡಿಮೆ ಅಂತರದಲ್ಲಿ, ಹಾದುಹೋಗುತ್ತದೆ. ಮೇ ತಿಂಗಳ ಮೊದಲ ವಾರದಲ್ಲಿ ಹಾಗೆ ಹಾಯುವ ಹೊತ್ತು ರಾತ್ರಿ 10ರ ಸುಮಾರು.

ರೇಡಿಯೊ ಗೆಲಾಕ್ಸಿಗಳ ಅಧ್ಯಯನ ಬಹುಮಟ್ಟಿಗೆ ಎಂ87ರ ಸುತ್ತಲೇ ಬೆಳೆಯಿತು. ಚಾರ್ಲ್ಸ್ ಮೆಸಿಯೆ ಇದನ್ನು 1781ರಲ್ಲಿ ಪಟ್ಟಿಗೆ ಸೇರಿಸಿದ. 1918ರಲ್ಲಿ ಅಮೆರಿಕದ ಲಿಕ್ ವೀಕ್ಷಣಾಲಯದ ಹೀಬರ್ ಕರ್ಟಿಸ್ ಇದರ ನಡುವಿನಿಂದ ಹೊರಟ ಒಂದು ನೇರ ಗೆರೆಯನ್ನು ಗುರುತಿಸಿದ. ಮುಂದೆ ಜೆಟ್ ಎಂದು ಹೆಸರಾದುದರ ಮೊದಲ ದಾಖಲೆ ಅದೇ. ಎಂ87ರ ದೂರ ಸುಮಾರು 5.5 ಕೋಟಿ ಜ್ಯೋತಿರ್ವರ್ಷ. ಬೆಳಕಿನಲ್ಲಿ ಕಾಣುವ ಜೆಟ್‌ನ ಉದ್ದ ಸುಮಾರು 5,000 ಜ್ಯೋತಿರ್ವರ್ಷ. ಇದರ ಕೇಂದ್ರದಲ್ಲಿರುವ ಕಪ್ಪುಕುಳಿಯ ನೆರಳಿನ ಚಿತ್ರವನ್ನು ಈವೆಂಟ್ ಹೊರೈಜನ್ ಟೆಲಿಸ್ಕೋಪ್ ತಂಡ 2019ರ ಏಪ್ರಿಲ್ 10ರಂದು ಪ್ರಕಟಿಸಿತು. ಆ ಕುಳಿಯ ದ್ರವ್ಯರಾಶಿ ಸೂರ್ಯನ 650 ಕೋಟಿ ಪಟ್ಟು.

ಕಂಡುಕೊಂಡ ಬಗೆ

ಆಕಾಶದಿಂದ ರೇಡಿಯೊ ಅಲೆಗಳು ಬರುತ್ತವೆ ಎಂಬುದನ್ನು ಕಾರ್ಲ್ ಜಾನ್ಸ್ಕಿ 1930ರ ದಶಕದ ಆರಂಭದಲ್ಲಿ ಕಂಡುಕೊಂಡ. ಗ್ರೋಟ್ ರೀಬರ್ 1937ರಲ್ಲಿ ತನ್ನ ಮನೆಯ ಹಿತ್ತಿಲಲ್ಲೇ ತಟ್ಟೆ ಆಕಾರದ ಆಂಟೆನಾ ಕಟ್ಟಿ ಆಕಾಶದ ಮೊದಲ ರೇಡಿಯೊ ನಕ್ಷೆಗಳನ್ನು ಬರೆದ. ಎರಡನೆಯ ಮಹಾಯುದ್ಧದ ರಾಡಾರ್ ತಂತ್ರ ತಿಳಿದವರು ಯುದ್ಧ ಮುಗಿದ ಮೇಲೆ ಈ ಕಡೆ ಹೊರಳಿದರು. 1946ರಲ್ಲಿ ಬ್ರಿಟನ್ನಿನ ಹೇ, ಪಾರ್ಸನ್ಸ್ ಮತ್ತು ಫಿಲಿಪ್ಸ್ ರಾಜಹಂಸ ಪುಂಜದಲ್ಲಿ ಪ್ರಬಲ ಆಕರವೊಂದನ್ನು ಪತ್ತೆಮಾಡಿದರು. ಅದೇ ಸಿಗ್ನಸ್ ಎ. 1949ರಲ್ಲಿ ಆಸ್ಟ್ರೇಲಿಯದ ಬೋಲ್ಟನ್, ಸ್ಟ್ಯಾನ್ಲಿ ಮತ್ತು ಸ್ಲೀ ಕಡಲ ದಂಡೆಯ ಬಂಡೆಯ ಮೇಲಿಂದ ನಡೆಸಿದ ಅಳತೆಗಳ ಆಧಾರದಲ್ಲಿ ವರ್ಗೊ ಎ ಎಂಬ ಆಕರವನ್ನು ಎಂ87ಕ್ಕೂ, ಸೆಂಟಾರಸ್ ಎ ಎಂಬುದನ್ನು ಎನ್‌ಜಿಸಿ 5128 ಎಂಬ ಗೆಲಾಕ್ಸಿಗೂ ಹೊಂದಿಸಿದರು.

ಹಾಲೆಗಳು ಜೋಡಿಯಾಗಿರುತ್ತವೆ ಎಂಬ ಸಂಗತಿ ಹೊರಬಿದ್ದದ್ದು 1953ರಲ್ಲಿ. ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ರೋಜರ್ ಜೆನ್ನಿಸನ್ ಜೊತೆ ದುಡಿಯುತ್ತಿದ್ದ ಬಂಗಾಳದ ಮೃಣಾಲ್ ಕುಮಾರ್ ದಾಸ್‌ಗುಪ್ತ, ಸಿಗ್ನಸ್ ಎ ಒಂದೇ ಮಚ್ಚೆಯಲ್ಲ, ಗೆಲಾಕ್ಸಿಯ ಎರಡು ಮಗ್ಗುಲಿನ ಎರಡು ಆಕರಗಳು ಎಂದು ತೋರಿಸಿಕೊಟ್ಟರು. ಮರುವರ್ಷ ವಾಲ್ಟರ್ ಬಾಡೆ ಮತ್ತು ರುಡಾಲ್ಫ್ ಮಿಂಕೋವ್ಸ್ಕಿ ಅದು 70 ಕೋಟಿಗೂ ಹೆಚ್ಚು ಜ್ಯೋತಿರ್ವರ್ಷ ದೂರದ ಗೆಲಾಕ್ಸಿಗೆ ಸೇರಿದ್ದೆಂಬ ಗುರುತನ್ನು ಪ್ರಕಟಿಸಿದರು. ಇಷ್ಟು ದೂರದಿಂದ ಇಷ್ಟು ಪ್ರಬಲವಾಗಿ ಅಲೆಗಳು ಬರಬೇಕಾದರೆ ಹಾಲೆಗಳಲ್ಲಿ ಎಷ್ಟು ಶಕ್ತಿ ಕೂಡಿಟ್ಟಿರಬೇಕು ಎಂದು ಜೆಫ್ರಿ ಬರ್ಬಿಜ್ 1950ರ ದಶಕದ ಉತ್ತರಾರ್ಧದಲ್ಲಿ ಲೆಕ್ಕ ಹಾಕಿದ. ಅತಿ ದೊಡ್ಡ ಆಕರಗಳಲ್ಲಿ ಅದು ಸೂರ್ಯ ತನ್ನ ಇಡೀ ಬಾಳಿನಲ್ಲಿ ಹೊರಹಾಕುವ ಶಕ್ತಿಯ ನೂರಾರು ಕೋಟಿ ಪಟ್ಟು. ನಕ್ಷತ್ರಗಳು ಉರಿಯುವ ಬಗೆಯಿಂದ ಇದನ್ನು ವಿವರಿಸಲು ಆಗುವಂತಿರಲಿಲ್ಲ.

ಶಕ್ತಿಯ ಮೂಲ ಮತ್ತು ರಚನೆ

ಹೈಡ್ರೊಜನ್ ಬೆಸೆದು ಹೀಲಿಯಂ ಆಗುವಾಗ ದ್ರವ್ಯದ ಶೇ. 0.7ರಷ್ಟು ಮಾತ್ರ ಶಕ್ತಿಯಾಗುತ್ತದೆ. ಕಪ್ಪುಕುಳಿಯ ಕಡೆಗೆ ಸುತ್ತುತ್ತ ಬೀಳುವ ಅನಿಲದಿಂದ ಶೇ. 10ರ ಆಸುಪಾಸು, ಕುಳಿ ವೇಗವಾಗಿ ತಿರುಗುತ್ತಿದ್ದರೆ ಇನ್ನೂ ಹೆಚ್ಚು ಶಕ್ತಿ ಸಿಗಬಲ್ಲದು. ಡೊನಾಲ್ಡ್ ಲಿಂಡನ್-ಬೆಲ್ 1969ರಲ್ಲಿ ಗೆಲಾಕ್ಸಿಗಳ ನಡುವಿನಲ್ಲಿ ಇಂಥ ಕುಳಿಗಳಿವೆ ಎಂದು ವಾದಿಸಿದ. 1974ರಲ್ಲಿ ರೋಜರ್ ಬ್ಲಾಂಡ್‌ಫರ್ಡ್ ಮತ್ತು ಮಾರ್ಟಿನ್ ರೀಸ್, ಕೇಂದ್ರದಿಂದ ಎರಡು ಕಡೆಗೆ ಎಡೆಬಿಡದೆ ಹರಿಯುವ ಧಾರೆಗಳೇ ಹಾಲೆಗಳಿಗೆ ಶಕ್ತಿ ಸಾಗಿಸುತ್ತವೆ ಎಂಬ ಮಾದರಿ ಕೊಟ್ಟರು. 1977ರಲ್ಲಿ ಬ್ಲಾಂಡ್‌ಫರ್ಡ್ ಮತ್ತು ರೋಮನ್ ಸ್ನಾಯೆಕ್, ತಿರುಗುವ ಕುಳಿಯನ್ನು ಹಾಯುವ ಕಾಂತಕ್ಷೇತ್ರ ಆ ತಿರುಗುವಿಕೆಯ ಶಕ್ತಿಯನ್ನೇ ಹೀರಿ ಜೆಟ್‌ಗೆ ಕೊಡಬಲ್ಲದೆಂದು ತೋರಿಸಿದರು.

ಜೆಟ್‌ನ ಬುಡದಲ್ಲಿ ಪ್ಲಾಸ್ಮಾದ ವೇಗ ಬೆಳಕಿನ ವೇಗಕ್ಕೆ ಬಲು ಹತ್ತಿರ. ಅದು ನಮ್ಮ ಕಡೆಗೆ ವಾಲಿಕೊಂಡು ಬರುತ್ತಿದ್ದರೆ ಬೆಳಕಿಗಿಂತ ವೇಗವಾಗಿ ಚಲಿಸಿದಂತೆ ಕಾಣುವ ಭ್ರಮೆಯೂ ಹುಟ್ಟುತ್ತದೆ. ಎಂ87ರ ಜೆಟ್‌ನಲ್ಲಿ ಹಬಲ್ ದೂರದರ್ಶಕ ಬೆಳಕಿನ ಆರು ಪಟ್ಟು ತೋರಿಕೆಯ ವೇಗವನ್ನು ಅಳೆದಿದೆ. ಎರಡು ಜೆಟ್‌ಗಳಿದ್ದರೂ ನಮ್ಮತ್ತ ಬರುವುದು ಉಜ್ಜ್ವಲವಾಗಿಯೂ ದೂರ ಸರಿಯುವುದು ಮಂಕಾಗಿಯೂ ಕಾಣುವುದರಿಂದ ಎಂ87ರಲ್ಲಿ ಒಂದೇ ಜೆಟ್ ಎದ್ದು ತೋರುತ್ತದೆ.

ಹಾಲೆಗಳ ರೇಡಿಯೊ ಹೊಳಪಿಗೆ ಕಾರಣ ಸಿಂಕ್ರೊಟ್ರಾನ್ ವಿಕಿರಣ. ಬೆಳಕಿನ ಹತ್ತಿರದ ವೇಗದಲ್ಲಿರುವ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರದ ಗೆರೆಗಳ ಸುತ್ತ ಸುರುಳಿ ಹೊಡೆಯುವಾಗ ಈ ವಿಕಿರಣ ಹೊಮ್ಮುತ್ತದೆ. ಪ್ರಬಲ ಜೆಟ್ ಸುತ್ತಲಿನ ಅನಿಲಕ್ಕೆ ಢಿಕ್ಕಿ ಹೊಡೆದು ನಿಲ್ಲುವ ತುದಿಯಲ್ಲಿ ಒಂದು ತೀಕ್ಷ್ಣ ಚುಕ್ಕೆ ಉಂಟಾಗುತ್ತದೆ. ಅದಕ್ಕೆ ಹಾಟ್‌ಸ್ಪಾಟ್ ಎಂದು ಹೆಸರು. ಎಲೆಕ್ಟ್ರಾನ್‌ಗಳು ಅಲ್ಲಿ ಹೊಸದಾಗಿ ವೇಗ ಪಡೆದು ಹಿಂದಕ್ಕೆ ಹರಿದು ಹಾಲೆಯನ್ನು ತುಂಬುತ್ತವೆ.

1974ರಲ್ಲಿ ಬರ್ನಿ ಫನರಾಫ್ ಮತ್ತು ಜೂಲಿಯಾ ರೈಲಿ ರೇಡಿಯೊ ಗೆಲಾಕ್ಸಿಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು. ಮೊದಲ ಬಗೆಯಲ್ಲಿ ನಡುಭಾಗ ಹೊಳೆಯುತ್ತಿದ್ದು ಹೊರಕ್ಕೆ ಹೋದಂತೆ ಮಂಕಾಗುತ್ತದೆ. ಎಂ87, ಸೆಂಟಾರಸ್ ಎ ಈ ಗುಂಪಿನವು. ಎರಡನೆಯ ಬಗೆಯಲ್ಲಿ ಅಂಚುಗಳೇ ಹೆಚ್ಚು ಹೊಳೆಯುತ್ತವೆ. ಸಿಗ್ನಸ್ ಎ ಇದಕ್ಕೆ ಮಾದರಿ. ಸ್ಥೂಲವಾಗಿ ಎರಡನೆಯ ಬಗೆಯವು ಹೆಚ್ಚು ಪ್ರಬಲ. ರೇಡಿಯೊ ಗೆಲಾಕ್ಸಿಗಳ ಮನೆ ಹೆಚ್ಚಾಗಿ ದೀರ್ಘವೃತ್ತಾಕಾರದ ದೈತ್ಯ ಗೆಲಾಕ್ಸಿಗಳೇ. ಸುರುಳಿ ಗೆಲಾಕ್ಸಿಗಳಲ್ಲಿ ಇಷ್ಟು ದೊಡ್ಡ ಜೆಟ್‌ಗಳು ಅಪರೂಪ.

ಎಳವೆ ಮತ್ತು ಪ್ರಾಯ

ಎಳೆಯ ರೇಡಿಯೊ ಗೆಲಾಕ್ಸಿಗಳು ಪುಟ್ಟವು. ಅವುಗಳ ಹಾಲೆಗಳು ಗೆಲಾಕ್ಸಿಯ ಒಡಲೊಳಗೇ, ಎಷ್ಟೋ ಸಲ ಕೇಂದ್ರದ ಕೆಲವು ನೂರು ಜ್ಯೋತಿರ್ವರ್ಷಗಳೊಳಗೇ ಇರುತ್ತವೆ. ಖಂಡಗಳಾಚೆಯ ದೂರದರ್ಶಕಗಳನ್ನು ಜೋಡಿಸಿ ವರ್ಷಗಟ್ಟಲೆ ನೋಡಿದಾಗ ಎರಡು ಹಾಟ್‌ಸ್ಪಾಟ್‌ಗಳು ಒಂದರಿಂದ ಒಂದು ದೂರ ಸರಿಯುವುದು ಅಳತೆಗೆ ಸಿಕ್ಕಿತು. ಆ ವೇಗದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಹುಟ್ಟಿದ ಕಾಲ ಸಿಗುತ್ತದೆ. 0710+439 ಎಂಬ ಆಕರಕ್ಕೆ 1998ರಲ್ಲಿ ಹೀಗೆ ಸಿಕ್ಕ ವಯಸ್ಸು ಸುಮಾರು 1,100 ವರ್ಷ. ಕೋಟಿ ವರ್ಷಗಳ ಲೆಕ್ಕದಲ್ಲಿ ಇದು ಹೊಕ್ಕಳುಬಳ್ಳಿ ಕತ್ತರಿಸದ ಕೂಸು.

ಕೂಸುಗಳೆಲ್ಲ ಬೆಳೆದು ದೊಡ್ಡವಾಗುವುದಿಲ್ಲ. ಪುಟ್ಟ ಆಕರಗಳ ಸಂಖ್ಯೆ, ದೊಡ್ಡವುಗಳ ಸಂಖ್ಯೆಗೆ ಹೋಲಿಸಿದರೆ ನಿರೀಕ್ಷೆಗಿಂತ ಹೆಚ್ಚು. ಇಂಧನ ತೀರಿಹೋಗಿಯೋ ದಟ್ಟ ಅನಿಲವನ್ನು ಸೀಳಲಾಗದೆಯೋ ಹಲವು ಎಳವೆಯಲ್ಲೇ ನಂದುತ್ತವೆ ಎಂಬುದು ಇದರ ಅರ್ಥ.

ಗೆಲಾಕ್ಸಿಯ ಮೇರೆ ದಾಟಿದ ಜೆಟ್‌ನ ಪ್ರಾಯದ ಕಾಲ ಸಾಮಾನ್ಯವಾಗಿ 1 ಕೋಟಿಯಿಂದ 10 ಕೋಟಿ ವರ್ಷ. ಈ ಅವಧಿಯಲ್ಲಿ ಹಾಲೆಗಳು ಲಕ್ಷಾಂತರ ಜ್ಯೋತಿರ್ವರ್ಷ ಹರಡುತ್ತವೆ. ತುದಿಯಿಂದ ತುದಿಗೆ ಸುಮಾರು 23 ಲಕ್ಷ ಜ್ಯೋತಿರ್ವರ್ಷ ಮೀರಿದವನ್ನು ದೈತ್ಯ ರೇಡಿಯೊ ಗೆಲಾಕ್ಸಿ ಎನ್ನುತ್ತಾರೆ. 1974ರಲ್ಲಿ ಗುರುತಿಸಿದ 3ಸಿ 236 ಬಹುಕಾಲ ದೊಡ್ಡದೆಂಬ ಪಟ್ಟ ಹೊತ್ತಿತ್ತು. 2024ರಲ್ಲಿ ಪ್ರಕಟವಾದ ಪೋರ್ಫಿರಿಯನ್ ಎಂಬ ಆಕರದ ಜೆಟ್‌ಗಳ ಒಟ್ಟು ಉದ್ದ 2.3 ಕೋಟಿ ಜ್ಯೋತಿರ್ವರ್ಷ. ಯುರೋಪಿನ ಲೋಫಾರ್ ದೂರದರ್ಶಕ ಅದನ್ನು ಕಂಡಿತು. ಅದು ಯಾವ ಗೆಲಾಕ್ಸಿಯಿಂದ ಹೊರಟಿತೆಂದು ಗುರುತಿಸಲು ಪುಣೆಯ ಬಳಿಯ ಜಿಎಂಆರ್‌ಟಿ ಎಂಬ ರೇಡಿಯೊ ದೂರದರ್ಶಕದ ನೆರವು ಬೇಕಾಯಿತು.

ನಂದುವ ಹಂತ

ಶಿವನಸಮುದ್ರದಲ್ಲಿ ಕಾವೇರಿ ಕವಲೊಡೆದು ಒಂದು ಕಡೆ ಗಗನಚುಕ್ಕಿಯಾಗಿ, ಇನ್ನೊಂದು ಕಡೆ ಭರಚುಕ್ಕಿಯಾಗಿ ಧುಮುಕುತ್ತದೆ. ಬೇಸಗೆಯಲ್ಲಿ ಮೇಲಿನ ನೀರು ಕಡಿಮೆಯಾದಾಗ ಬಂಡೆಯ ಮೇಲೆ ಬಿಳಿ ಗೀರುಗಳಷ್ಟೇ ಉಳಿಯುತ್ತವೆ. ಆದರೂ ಕೆಳಗಿನ ಮಡು ಒಡನೆ ಬತ್ತುವುದಿಲ್ಲ. ಜೆಟ್ ನಿಂತಾಗ ಆಗುವುದೂ ಹೆಚ್ಚುಕಡಿಮೆ ಇದೇ. ಕೇಂದ್ರದಲ್ಲಿ ಹರಿವು ನಿಂತರೂ ಆಗಲೇ ಹೊರಟಿದ್ದ ಪ್ಲಾಸ್ಮಾ ತುದಿಯನ್ನು ಮುಟ್ಟಲು ಲಕ್ಷಾಂತರ ವರ್ಷ ಹಿಡಿಯುತ್ತದೆ. ಕೊನೆಯ ಹನಿ ಮುಟ್ಟಿದ ಮೇಲೆ ಹಾಟ್‌ಸ್ಪಾಟ್ ಬೇಗನೆ ಆರುತ್ತದೆ. ಮತ್ತೆ ಉಳಿಯುವುದು ತುಂಬುವವರಿಲ್ಲದ ಹಾಲೆ ಮಾತ್ರ. ನಮ್ಮ ಕಡೆಗಿರುವ ಹಾಲೆಯ ಸುದ್ದಿ ಬೇಗ ಬರುತ್ತದೆ, ಆಚೆಯದರ ಸುದ್ದಿ ತಡವಾಗಿ. ಆದ್ದರಿಂದ ಒಂದರಲ್ಲಿ ಹಾಟ್‌ಸ್ಪಾಟ್ ಆರಿ ಇನ್ನೊಂದರಲ್ಲಿ ಉಳಿದಂತೆಯೂ ಕಾಣಬಹುದು.

ಹಾಲೆ ಮಂಕಾಗಲು ಮೂರು ಕಾರಣ. ಒಂದು, ಎಲೆಕ್ಟ್ರಾನ್‌ಗಳು ಸಿಂಕ್ರೊಟ್ರಾನ್ ವಿಕಿರಣ ಹೊಮ್ಮಿಸುತ್ತ ತಮ್ಮ ಶಕ್ತಿಯನ್ನು ತಾವೇ ಖರ್ಚು ಮಾಡಿಕೊಳ್ಳುತ್ತವೆ. ಎರಡು, ಇಡೀ ವಿಶ್ವವನ್ನು ತುಂಬಿರುವ ಹಿನ್ನೆಲೆ ವಿಕಿರಣದ ಫೋಟಾನ್‌ಗಳಿಗೆ ಢಿಕ್ಕಿ ಹೊಡೆದು ಶಕ್ತಿಯನ್ನು ಅವುಗಳಿಗೆ ಕೊಡುತ್ತವೆ. ಮೂರು, ಹಾಲೆ ಹಿಗ್ಗಿದಂತೆ ಒಳಗಿನ ಪ್ಲಾಸ್ಮಾ ತಣಿಯುತ್ತದೆ, ಕಾಂತಕ್ಷೇತ್ರವೂ ಸಡಿಲವಾಗುತ್ತದೆ. ಎರಡನೆಯ ಕಾರಣ ದೂರದ, ಎಂದರೆ ಹಿಂದಿನ ಕಾಲದ, ವಿಶ್ವದಲ್ಲಿ ಬಲು ಜೋರು. ದೂರವನ್ನು ಸೂಚಿಸುವ ಕೆಂಪುಸರಿತ 1 ಇರುವ ಕಡೆ ಆ ವಿಕಿರಣದ ಶಕ್ತಿಸಾಂದ್ರತೆ ಇಂದಿನದರ 16 ಪಟ್ಟು. ಅಲ್ಲಿನ ಹಾಲೆಗಳು ಇಲ್ಲಿಯವಕ್ಕಿಂತ ಬೇಗ ಕಣ್ಮರೆಯಾಗುತ್ತವೆ.

ಎಲೆಕ್ಟ್ರಾನ್‌ಗಳ ಖರ್ಚು ಒಂದೇ ಸಮನಲ್ಲ. ಹೆಚ್ಚು ಶಕ್ತಿಯುಳ್ಳದ್ದು ಹೆಚ್ಚು ದುಂದುಗಾರ. ಶಕ್ತಿ ಎರಡು ಪಟ್ಟಾದರೆ ಖರ್ಚಿನ ವೇಗ ನಾಲ್ಕು ಪಟ್ಟು, ಆಯುಸ್ಸು ಅರ್ಧ. ಹೆಚ್ಚು ಆವೃತ್ತಿಯ ಅಲೆಗಳನ್ನು ಹೊಮ್ಮಿಸುವವು ಈ ದುಂದುಗಾರ ಎಲೆಕ್ಟ್ರಾನ್‌ಗಳೇ. ಆದ್ದರಿಂದ ನಂದುವ ಹಾಲೆಯಲ್ಲಿ ಹೆಚ್ಚು ಆವೃತ್ತಿಯ ಹೊಳಪು ಮೊದಲು ಹೋಗುತ್ತದೆ, ಕಡಿಮೆ ಆವೃತ್ತಿಯದು ಕೊನೆಯವರೆಗೆ ಉಳಿಯುತ್ತದೆ. ಕುಲುಮೆಯಿಂದ ತೆಗೆದ ಕಬ್ಬಿಣದ ಬಿಳಿಗಾವು ಮೊದಲು ಆರಿ ಕೆಂಪು ಕೊನೆಗೆ ಉಳಿಯುವುದನ್ನು ಇದು ನೆನಪಿಸುತ್ತದೆ, ಭೌತಕಾರಣ ಬೇರೆಯಾದರೂ. ಎಷ್ಟು ಆವೃತ್ತಿಯ ಮೇಲೆ ಹೊಳಪು ಕುಸಿದಿದೆ ಎಂದು ನೋಡಿ ಹಾಲೆಯ ವಯಸ್ಸನ್ನು ಲೆಕ್ಕ ಹಾಕುತ್ತಾರೆ. ಈ ವಿಧಾನಕ್ಕೆ ನಿಕೊಲಾಯ್ ಕರ್ದಶೇವ್ 1962ರಲ್ಲೂ, ಜಾಫೆ ಮತ್ತು ಪೆರೋಲಾ 1973ರಲ್ಲೂ ಬುನಾದಿ ಹಾಕಿದರು.

ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. ಕಾಂತಕ್ಷೇತ್ರ ಒಂದೇ ಇದ್ದರೆ ಎಲೆಕ್ಟ್ರಾನ್‌ನ ಆಯುಸ್ಸು ಅದು ಹೊಮ್ಮಿಸುವ ಆವೃತ್ತಿಯ ವರ್ಗಮೂಲಕ್ಕೆ ವಿಲೋಮ. 1,400 ಮೆಗಾಹರ್ಟ್ಸ್‌ನಲ್ಲಿ ನೋಡುವ ದೂರದರ್ಶಕಕ್ಕಿಂತ 150 ಮೆಗಾಹರ್ಟ್ಸ್‌ನಲ್ಲಿ ನೋಡುವುದಕ್ಕೆ ಅದೇ ಹಾಲೆ ಸುಮಾರು 3 ಪಟ್ಟು ಹೆಚ್ಚು ಕಾಲ, 34.5 ಮೆಗಾಹರ್ಟ್ಸ್‌ನಲ್ಲಿ ನೋಡುವುದಕ್ಕೆ 6 ಪಟ್ಟಿಗೂ ಹೆಚ್ಚು ಕಾಲ ಕಾಣುತ್ತದೆ. ನಂದುವ ಜೆಟ್‌ಗಳ ಹುಡುಕಾಟ ಕಡಿಮೆ ಆವೃತ್ತಿಯ ಕಡೆ ತಿರುಗಿದ್ದು ಇದಕ್ಕಾಗಿ.

ಹೀಗೆ ಹುಡುಕಿದರೂ ನಂದುವ ಹಾಲೆಗಳು ಹೇರಳವಾಗಿ ಸಿಗಲಿಲ್ಲ. ಬಿ2 0924+30 ಎಂಬುದು 1980ರ ದಶಕದಿಂದಲೂ ಪಾಠಕ್ಕೆ ಹೇಳಿಮಾಡಿಸಿದ ಉದಾಹರಣೆ. 2016ರಲ್ಲಿ ಲೋಫಾರ್ ಬ್ಲಾಬ್1 ಎಂಬ ಇನ್ನೊಂದನ್ನು ತೋರಿಸಿತು. ಒಟ್ಟಾರೆ ಸಮೀಕ್ಷೆಗಳಲ್ಲಿ ಇವುಗಳ ಪಾಲು ಶೇ. 10ರ ಒಳಗೇ ಇದೆ. ಸಾವಿನ ಹಂತ ಬದುಕಿನಷ್ಟೇ ದೀರ್ಘವಾಗಿದ್ದರೆ ಲೆಕ್ಕ ಹೀಗೆ ಬರುವಂತಿಲ್ಲ. ಉತ್ತರ ಎರಡಿರಬಹುದು. ಬಯಲಿನಲ್ಲಿರುವ ಹಾಲೆಗಳು ಬೇಗ ಹಿಗ್ಗಿ ಅಳಿಸಿಹೋಗುತ್ತವೆ. ಅಥವಾ ಪೂರ್ತಿ ನಂದುವ ಮೊದಲೇ ಹೊಸ ಜೆಟ್ ಹೊತ್ತಿಕೊಳ್ಳುತ್ತದೆ. ಮೊದಲ ಉತ್ತರಕ್ಕೆ ಒಂದು ಪುರಾವೆ ಇದೆ: ನಂದುವ ಹಾಲೆಗಳು ಗೆಲಾಕ್ಸಿ ಗುಚ್ಛಗಳಲ್ಲಿ ಹೆಚ್ಚಾಗಿ ಸಿಗುತ್ತವೆ. ಅಲ್ಲಿನ ಬಿಸಿ ಅನಿಲ ಸುತ್ತಲಿಂದ ಒತ್ತಿಹಿಡಿದು ಹಾಲೆ ಚದುರದಂತೆ ಕಾಯುತ್ತದೆ.

ಮರುಹೊತ್ತುವಿಕೆ

ಎರಡನೆಯ ಉತ್ತರಕ್ಕೆ ಪುರಾವೆ ನಕ್ಷೆಗಳಲ್ಲೇ ಕಾಣುತ್ತದೆ. ಕೆಲವು ರೇಡಿಯೊ ಗೆಲಾಕ್ಸಿಗಳಲ್ಲಿ ಹಳೆಯ ಮಂಕು ಹಾಲೆಗಳ ಒಳಗೆ, ಅದೇ ನೇರದಲ್ಲಿ, ಇನ್ನೊಂದು ಜೊತೆ ಎಳೆಯ ಹಾಲೆಗಳಿರುತ್ತವೆ. ಬೂದಿ ಮುಚ್ಚಿದ ಕೆಂಡವನ್ನು ಮತ್ತೆ ಊದಿದ ಹಾಗೆ. 2000ನೇ ಇಸವಿಯಲ್ಲಿ ಸ್ಕೂನ್‌ಮೇಕರ್ಸ್ ಮತ್ತು ಸಂಗಡಿಗರು ಇವುಗಳಿಗೆ ಡಬಲ್-ಡಬಲ್ ರೇಡಿಯೊ ಗೆಲಾಕ್ಸಿ ಎಂದು ಹೆಸರಿಟ್ಟರು. ಮೂರು ಜೊತೆ ಹಾಲೆಗಳಿರುವ ಬಿ0925+420 ಎಂಬುದು 2007ರಲ್ಲಿ ಬೆಳಕಿಗೆ ಬಂತು. ಎರಡು ಹೊತ್ತುವಿಕೆಗಳ ನಡುವಿನ ಬಿಡುವು ಕೆಲವು ಲಕ್ಷ ವರ್ಷಗಳಿಂದ ಕೆಲವು ಕೋಟಿ ವರ್ಷಗಳವರೆಗೆ ಇರಬಹುದೆಂದು ಅಂದಾಜು. 2019ರಲ್ಲಿ ಲೋಫಾರ್ ಸಮೀಕ್ಷೆ ಆಧರಿಸಿ ಸಬಾತೆರ್ ಮತ್ತು ಸಂಗಡಿಗರು, ಹತ್ತಿರದ ವಿಶ್ವದ ಅತಿ ಭಾರದ ಗೆಲಾಕ್ಸಿಗಳಲ್ಲಿ ರೇಡಿಯೊ ಚಟುವಟಿಕೆ ಯಾವುದೋ ಮಟ್ಟದಲ್ಲಿ ಸದಾ ಇದ್ದೇ ಇರುತ್ತದೆಂದು ತೋರಿಸಿದರು. ಅಂಥ ಗೆಲಾಕ್ಸಿಗಳಲ್ಲಿ ಒಲೆ ಪೂರ್ತಿ ಆರುವುದೇ ಇಲ್ಲ. ಉರಿ ಏರಿಳಿಯುತ್ತದೆ ಅಷ್ಟೆ.

ಸುತ್ತಲಿನ ಅನಿಲದ ಮೇಲೆ ಪರಿಣಾಮ

ಹಾಲೆಗಳು ಗುಚ್ಛದ ಬಿಸಿ ಅನಿಲವನ್ನು ಬದಿಗೆ ತಳ್ಳಿ ಗುಳ್ಳೆಗಳನ್ನು ಮಾಡುತ್ತವೆ. ಎಕ್ಸ್-ಕಿರಣ ಚಿತ್ರಗಳಲ್ಲಿ ಇವು ಕಪ್ಪು ಪೊಳ್ಳುಗಳಾಗಿ ಕಾಣುತ್ತವೆ. ಈ ತಳ್ಳಾಟ ಅನಿಲವನ್ನು ಬಿಸಿಯಾಗಿಡುತ್ತದೆ. ಬಿಸಿ ಅನಿಲದಿಂದ ಹೊಸ ನಕ್ಷತ್ರಗಳು ಹುಟ್ಟುವುದು ಕಷ್ಟ. ದೈತ್ಯ ಗೆಲಾಕ್ಸಿಗಳು ಇನ್ನಷ್ಟು ಬೆಳೆಯದಿರುವುದಕ್ಕೆ ಇದು ಮುಖ್ಯ ಕಾರಣವೆಂದು ಈಗ ಒಪ್ಪಿದ್ದಾರೆ. ಅನಿಲ ತಣಿದರೆ ಕುಳಿಗೆ ಮೇವು, ಮೇವು ಸಿಕ್ಕರೆ ಜೆಟ್, ಜೆಟ್ ಹೊರಟರೆ ಅನಿಲಕ್ಕೆ ಬಿಸಿ, ಬಿಸಿಯಾದರೆ ಮೇವಿಗೆ ತಡೆ. ಜೀವನಚಕ್ರ ತಿರುಗುವುದು ಈ ಏತದ ಮೇಲೆ.

ರೇಡಿಯೊದಲ್ಲಿ ಮರೆಯಾದ ಮೇಲೂ ಪೊಳ್ಳು ಉಳಿಯುವುದುಂಟು. ಸುಮಾರು 39 ಕೋಟಿ ಜ್ಯೋತಿರ್ವರ್ಷ ದೂರದ ಒಫಿಯೂಕಸ್ ಗುಚ್ಛದ ಅನಿಲದಲ್ಲಿ ಕಂಡ ಭಾರಿ ಪೊಳ್ಳೊಂದನ್ನು ಹಳೆಯ ರೇಡಿಯೊ ಪ್ಲಾಸ್ಮಾ ತುಂಬಿದೆ ಎಂಬುದು 2020ರಲ್ಲಿ ಖಚಿತವಾಯಿತು. ಪುರಾವೆ ಒದಗಿಸಿದವು ಆಸ್ಟ್ರೇಲಿಯದ ಮರ್ಚಿಸನ್ ವೈಡ್‌ಫೀಲ್ಡ್ ಅರೇ ಮತ್ತು ಜಿಎಂಆರ್‌ಟಿ. ಮರ್ಚಿಸನ್ ಅರೇಯ ಗ್ರಾಹಕಗಳ ನಿರ್ಮಾಣದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಪಾಲುಗೊಂಡಿತ್ತು.

ಕರ್ನಾಟಕ ಮತ್ತು ನೆರೆಯ ವೀಕ್ಷಣಾಲಯಗಳು

ಕೊಳ್ಳೇಗಾಲಕ್ಕೆ ಅತಿ ಹತ್ತಿರದ ದೊಡ್ಡ ರೇಡಿಯೊ ದೂರದರ್ಶಕ ಇರುವುದು ನೀಲಗಿರಿಯಲ್ಲಿ, ಊಟಿಯ ಬಳಿಯ ಮುತ್ತೊರೈಯಲ್ಲಿ. ನೇರ ಗೆರೆ ಎಳೆದರೆ ಸುಮಾರು 100 ಕಿ.ಮೀ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗಾಗಿ ಗೋವಿಂದ ಸ್ವರೂಪ್ ಅವರ ಮುಂದಾಳ್ತನದಲ್ಲಿ ಕಟ್ಟಿದ ಇದು 1970ರಲ್ಲಿ ಕೆಲಸಕ್ಕೆ ತೊಡಗಿತು. 530 ಮೀಟರ್ ಉದ್ದ, 30 ಮೀಟರ್ ಅಗಲದ ದೋಣಿಯಂಥ ಆಂಟೆನಾವನ್ನು ಸುಮಾರು 11 ಡಿಗ್ರಿ ಇಳಿಜಾರಿನ ಗುಡ್ಡದ ಮೇಲೆ ಉತ್ತರ-ದಕ್ಷಿಣವಾಗಿ ಕೂರಿಸಿದ್ದಾರೆ. ಆ ಇಳಿಜಾರು ಊರಿನ ಅಕ್ಷಾಂಶದಷ್ಟೇ ಇರುವುದರಿಂದ ದೂರದರ್ಶಕದ ಅಕ್ಷ ಭೂಮಿಯ ಅಕ್ಷಕ್ಕೆ ಸಮಾಂತರ. ಒಂದೇ ಅಕ್ಷದ ಮೇಲೆ ತಿರುಗಿಸಿದರೆ ಸಾಕು, ಆಕರವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ಚಂದ್ರ ಒಂದು ರೇಡಿಯೊ ಆಕರವನ್ನು ಮರೆಮಾಡುವ ಕ್ಷಣಗಳನ್ನು 326.5 ಮೆಗಾಹರ್ಟ್ಸ್‌ನಲ್ಲಿ ಹಿಡಿದು ಸಾವಿರಕ್ಕೂ ಹೆಚ್ಚು ಆಕರಗಳ ಗಾತ್ರ, ರಚನೆಗಳನ್ನು ಇಲ್ಲಿ ಅಳೆದರು. ಮಂಕಾದ, ಎಂದರೆ ಸರಾಸರಿಯಲ್ಲಿ ದೂರದ, ಆಕರಗಳ ಕೋನಗಾತ್ರ ಹೇಗೆ ಕಿರಿದಾಗುತ್ತದೆಂದು ಸ್ವರೂಪ್ ಮತ್ತು ವಿಜಯ್ ಕಪಾಹಿ 1975ರಲ್ಲಿ ತೋರಿಸಿದರು. ರೇಡಿಯೊ ಗೆಲಾಕ್ಸಿಗಳ ಸಮುದಾಯ ಕಾಲದೊಂದಿಗೆ ಬದಲಾಗುತ್ತ ಬಂದಿದೆ ಎಂಬುದಕ್ಕೆ ಅದು ಸ್ವತಂತ್ರ ಪುರಾವೆಯಾಯಿತು.

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಜೊತೆಯಾಗಿ 1970ರ ದಶಕದಲ್ಲಿ ಒಂದು ಸಾವಿರ ಡೈಪೋಲ್‌ಗಳನ್ನು ಇಂಗ್ಲಿಷಿನ ಟಿ ಅಕ್ಷರದಾಕಾರದಲ್ಲಿ ನಿಲ್ಲಿಸಿದವು. ಪೂರ್ವ-ಪಶ್ಚಿಮ ತೋಳು 1.4 ಕಿ.ಮೀ. ಉದ್ದ. ಇದು ಕೇಳುತ್ತಿದ್ದುದು 34.5 ಮೆಗಾಹರ್ಟ್ಸ್, ತರಂಗದೂರ ಸುಮಾರು 8.7 ಮೀಟರ್. ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ ಪ್ರಕಟಿಸಿದ ಆಕಾಶನಕ್ಷೆ ಈ ಆವೃತ್ತಿಯ ಮುಖ್ಯ ಆಕರಗ್ರಂಥಗಳಲ್ಲಿ ಒಂದು. ಮುದಿ ಎಲೆಕ್ಟ್ರಾನ್‌ಗಳು ಹೊಳೆಯುವುದು ಇಂಥ ಉದ್ದ ಅಲೆಗಳಲ್ಲೇ. ಆದರೆ ಅಲೆ ಉದ್ದವಾದಷ್ಟೂ ನೋಟ ಮಸುಕು. ಚಂದ್ರಬಿಂಬದಷ್ಟು ಅಗಲದೊಳಗಿನ ವಿವರ ಇದಕ್ಕೆ ಬಿಡಿಬಿಡಿಯಾಗಿ ಕಾಣುತ್ತಿರಲಿಲ್ಲ. ನಂದುವ ಹಾಲೆಗಳು ಬಹುಪಾಲು ಅದಕ್ಕಿಂತ ಎಷ್ಟೋ ಚಿಕ್ಕವು. ಉದ್ದ ಅಲೆಯನ್ನು ಕೇಳಬೇಕು, ಸೂಕ್ಷ್ಮವಾಗಿಯೂ ನೋಡಬೇಕು ಎಂಬ ಎರಡು ಬೇಡಿಕೆಗಳನ್ನು ಒಟ್ಟಿಗೆ ಈಡೇರಿಸಿದ್ದು ಪುಣೆ ಜಿಲ್ಲೆಯ ಖೋಡದ್‌ನ ಜಿಎಂಆರ್‌ಟಿ. 45 ಮೀಟರ್ ವ್ಯಾಸದ 30 ತಟ್ಟೆಗಳು ಅಲ್ಲಿ ಸುಮಾರು 25 ಕಿ.ಮೀ. ಹರವಿನಲ್ಲಿವೆ. 150 ಮೆಗಾಹರ್ಟ್ಸ್‌ನಲ್ಲಿ ಅದು ಆಕಾಶದ ಶೇ. 90ರಷ್ಟನ್ನು ಸಮೀಕ್ಷಿಸಿ ದೊರಕಿಸಿದ ಪಟ್ಟಿಯಲ್ಲಿ 6 ಲಕ್ಷಕ್ಕೂ ಹೆಚ್ಚು ಆಕರಗಳಿವೆ.

ಮರುಹೊತ್ತುವಿಕೆಯ ಅಧ್ಯಯನದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ರಾಮನ್ ಸಂಶೋಧನಾ ಸಂಸ್ಥೆಯ ಲಕ್ಷ್ಮಿ ಸರಿಪಲ್ಲಿ, ರವಿ ಸುಬ್ರಹ್ಮಣ್ಯನ್ ಮತ್ತು ಉದಯಶಂಕರ್ ಆಸ್ಟ್ರೇಲಿಯದ ದೂರದರ್ಶಕ ಬಳಸಿ 2002ರಲ್ಲಿ ಜೆ0116-473 ಎಂಬ ದೈತ್ಯ ರೇಡಿಯೊ ಗೆಲಾಕ್ಸಿಯನ್ನೂ 2003ರಲ್ಲಿ ಪಿಕೆಎಸ್ ಬಿ1545-321 ಎಂಬುದನ್ನೂ ವಿವರವಾಗಿ ಪರಿಶೀಲಿಸಿದರು. ಎರಡರಲ್ಲೂ ಹಳೆಯ ಹಾಲೆಗಳ ಒಳಗೆ ಹೊಸ ಹರಿವು ಕಾಣುತ್ತದೆ. ಎರಡನೆಯದರಲ್ಲಂತೂ ಹೊಸ ಜೋಡಿ ಧಾರೆಗಳು ಹಳೆಯ ಹಾಲೆಯ ಮಂಕು ಪ್ಲಾಸ್ಮಾವನ್ನು ಸೀಳಿಕೊಂಡು ಹೋಗುತ್ತಿವೆ. ಜೆಟ್‌ಗಳ ಹರಿವಿನ ಭೌತಶಾಸ್ತ್ರ ತಿಳಿಯಲು ಇದೊಂದು ಸಿದ್ಧ ಪ್ರಯೋಗಶಾಲೆ. ಪುಣೆಯ ಧ್ರುಬ ಸೈಕಿಯಾ ಮತ್ತು ಪೋಲೆಂಡಿನ ಮಾರೆಕ್ ಯಾಮ್ರೋಜಿ 2009ರಲ್ಲಿ ಬರೆದ ಸಮೀಕ್ಷಾಲೇಖನ ಈ ವಿಷಯಕ್ಕೆ ಪ್ರವೇಶದ್ವಾರವಾಯಿತು.

ಸುರುಳಿ ಗೆಲಾಕ್ಸಿಗಳ ಅಪವಾದಗಳಲ್ಲಿ ಎರಡು ಭಾರತೀಯರ ಕೈಯಲ್ಲಿ ಸಿಕ್ಕವು. ಆನಂದ ಹೋತಾ ಮತ್ತು ಸಂಗಡಿಗರು 2011ರಲ್ಲಿ ವಿವರಿಸಿದ ಸ್ಪೆಕಾ ಎಂಬ ಗೆಲಾಕ್ಸಿಯಲ್ಲಿ ಜೆಟ್ ಹೊತ್ತಿದ ಮೂರು ಸರದಿಗಳ ಗುರುತಿದೆ. ಜಾಯ್‌ದೀಪ್ ಬಾಗ್ಚಿ ಮತ್ತು ಸಂಗಡಿಗರು 2014ರಲ್ಲಿ ವಿವರಿಸಿದ ಜೆ2345-0449ರಲ್ಲಿ ಎರಡು ಜೊತೆ ಹಾಲೆಗಳಿದ್ದು, ಹೊರಗಿನವು ಸುಮಾರು 52 ಲಕ್ಷ ಜ್ಯೋತಿರ್ವರ್ಷ ಹರಡಿವೆ. ಬಾಗ್ಚಿ ಮುಂದೆ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾನಿಲಯದಿಂದ ಇದೇ ಗೆಲಾಕ್ಸಿಯ ಅಧ್ಯಯನ ಮುಂದುವರಿಸಿದರು. ಹೋತಾ 2013ರಲ್ಲಿ ಆರಂಭಿಸಿದ ರ್‍ಯಾಡ್@ಹೋಮ್ ಯೋಜನೆಯಲ್ಲಿ ಕಾಲೇಜು ವಿದ್ಯಾರ್ಥಿಗಳೂ ಆಸಕ್ತರೂ ಮನೆಯಲ್ಲೇ ಕೂತು ಜಿಎಂಆರ್‌ಟಿಯ ನಕ್ಷೆಗಳಲ್ಲಿ ವಿಚಿತ್ರ ಆಕರಗಳನ್ನು ಹುಡುಕುತ್ತಾರೆ.

ಕೊಳ್ಳೇಗಾಲ, ಹನೂರು, ಯಳಂದೂರುಗಳ ಆಕಾಶದಲ್ಲಿ ವೀಕ್ಷಣೆ

ಹಾಲೆಗಳು ಕಣ್ಣಿಗೆ ಕಾಣುವುದಿಲ್ಲ. ಅವುಗಳ ಮನೆಯಾದ ಗೆಲಾಕ್ಸಿಗಳು ಕಾಣುತ್ತವೆ. ಬಿಳಿಗಿರಿರಂಗನ ಬೆಟ್ಟದ ಹುಲಿ ಅಭಯಾರಣ್ಯಕ್ಕೋ ಮಲೆ ಮಹದೇಶ್ವರ ಬೆಟ್ಟದ ಕಾಡಿಗೋ ರಾತ್ರಿ ಹೋಗಬೇಕಾಗಿಲ್ಲ. ಬೀದಿದೀಪದಿಂದ ದೂರವಿರುವ ಹಳ್ಳಿಯ ತಾರಸಿ ಸಾಕು. ಮೇ ನಡುವಿನಲ್ಲಿ ರಾತ್ರಿ 10ರ ಹೊತ್ತಿಗೆ ಸೆಂಟಾರಸ್ ಎ ದಕ್ಷಿಣ ದಿಗಂತದಿಂದ ಸುಮಾರು 35 ಡಿಗ್ರಿ ಎತ್ತರಕ್ಕೇರಿರುತ್ತದೆ. ಕಗ್ಗತ್ತಲಲ್ಲಿ ಬೈನಾಕ್ಯುಲರ್‌ಗೆ ಅದು ಮಂಜಿನ ಚುಕ್ಕೆಯಂತೆ ಸಿಗುತ್ತದೆ. 1.2 ಕೋಟಿ ಜ್ಯೋತಿರ್ವರ್ಷ ದೂರದ ಈ ನೆರೆಯ ರೇಡಿಯೊ ಗೆಲಾಕ್ಸಿಯ ಹಾಲೆಗಳು ಆಕಾಶದಲ್ಲಿ ಸುಮಾರು 8 ಡಿಗ್ರಿ ಉದ್ದ. ರೇಡಿಯೊ ಕಣ್ಣಿದ್ದಿದ್ದರೆ ಹದಿನಾರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಉದ್ದಕ್ಕೆ ಅದು ತೋರುತ್ತಿತ್ತು.

ಎಂ87 ನೋಡಲು ಸಣ್ಣ ದೂರದರ್ಶಕ ಬೇಕು. ಅದರಲ್ಲಿ ಕಾಣುವುದು ಒಂದು ದುಂಡು ಮಂಜು ಮಾತ್ರ, ಜೆಟ್ ಕಾಣದು. ಆ ಮಂಜಿನಲ್ಲಿ ಜೀವನಚಕ್ರದ ಹಂತಗಳು ಒಂದರೊಳಗೊಂದು ಅಡಗಿವೆ. ನಡುವೆ ಇಂದಿಗೂ ಹರಿಯುವ ಜೆಟ್, ಅದರ ಸುತ್ತ ಹೊಳಪಿನ ಒಳಹಾಲೆಗಳು, ಅವನ್ನೆಲ್ಲ ಆವರಿಸಿ ಸುಮಾರು 2.6 ಲಕ್ಷ ಜ್ಯೋತಿರ್ವರ್ಷ ಅಗಲದ ಮಂಕು ಪ್ರಭಾವಲಯ. 2000ನೇ ಇಸವಿಯಲ್ಲಿ ಓವೆನ್, ಐಲೆಕ್ ಮತ್ತು ಕಸ್ಸಿಂ ಈ ವಲಯವನ್ನು ಚಿತ್ರಿಸಿದ್ದು ಸುಮಾರು 327 ಮೆಗಾಹರ್ಟ್ಸ್‌ನಲ್ಲಿ, ಎಂದರೆ ಹೆಚ್ಚುಕಡಿಮೆ ಊಟಿಯ ದೂರದರ್ಶಕ ಕೇಳುವ ಆವೃತ್ತಿಯಲ್ಲೇ. ಭೂಮಿಯ ಅಕ್ಷದ ಅಯನಚಲನೆಯಿಂದಾಗಿ ಎಂ87ರ ಹಾದಿ ಮೂರು ವರ್ಷಕ್ಕೆ ಒಂದು ಕೋನ ಮಿನಿಟ್‌ನಂತೆ ದಕ್ಷಿಣಕ್ಕೆ ಸರಿಯುತ್ತಿದೆ. ಇನ್ನು ಕೆಲವೇ ದಶಕಗಳಲ್ಲಿ ಅದು ಕೊಳ್ಳೇಗಾಲ, ಹನೂರು, ಯಳಂದೂರುಗಳ ನೆತ್ತಿಯನ್ನು ದಾಟಿರುತ್ತದೆ. ಅಷ್ಟು ಕಾಲದಲ್ಲಿ ಆ ಪ್ರಭಾವಲಯದಲ್ಲಿ ಅಳತೆಗೆ ಸಿಗುವ ಬದಲಾವಣೆ ಏನೂ ಆಗಿರುವುದಿಲ್ಲ.